ಕಬ್ಬನ್ ಪಾರ್ಕಿನ ಪ್ರತಿಮೆಗಳು: ಮಗಳ ಪ್ರಶ್ನೆಗೆ ಉತ್ತರ ಗೊತ್ತಿದ್ದವರು ಹೇಳಿ

ಸಂಪಿಗೆ_ರಸ್ತೆ · ಭಾನುವಾರ ಸಂಜೆ

ಇವತ್ತು ಬೆಳಿಗ್ಗೆ ಎಂಟು ವರ್ಷದ ಮಗಳನ್ನು ಕರೆದುಕೊಂಡು ಕಬ್ಬನ್ ಪಾರ್ಕಿಗೆ ಹೋಗಿದ್ದೆ. ಭಾನುವಾರ ಒಳಗಿನ ರಸ್ತೆಗಳಲ್ಲಿ ಗಾಡಿ ಬಿಡುವುದಿಲ್ಲ, ಹಾಗಾಗಿ ಮಕ್ಕಳ ಕೈ ಬಿಟ್ಟು ನಡೆಯಬಹುದು. ಬಾಲಭವನದ ಕಡೆ ಹೊರಟವರು ನಾವು. ಆದರೆ ಪ್ರತಿಮೆ ಕಂಡಲ್ಲೆಲ್ಲ ಇವಳು ನಿಂತಳು. ನಿಂತಲ್ಲೆಲ್ಲ ಒಂದು ಪ್ರಶ್ನೆ.

ಮೊದಲು ವಿಕ್ಟೋರಿಯಾ ರಾಣಿ. "ಅಪ್ಪಾ, ಈ ಅಜ್ಜಿ ಯಾಕೆ ಕೈಯಲ್ಲಿ ಚೆಂಡು ಹಿಡಿದುಕೊಂಡಿದ್ದಾರೆ? ಇವರ ಮನೆ ಇಲ್ಲೇ ಇತ್ತಾ?" ಅದು ಚೆಂಡಲ್ಲ, ರಾಣಿಯರು ಹಿಡಿದುಕೊಳ್ಳುವ ಗೋಳ ಅಂದೆ. ಯಾಕೆ ಹಿಡಿದುಕೊಳ್ಳುತ್ತಾರೆ ಅಂದಳು. ಮುಂದೆ ನಡಿ ಅಂದೆ.

ಆಮೇಲೆ ಕೆಂಪು ಲೈಬ್ರರಿ ಮುಂದೆ ಶೇಷಾದ್ರಿ ಅಯ್ಯರ್. "ಈ ತಾತ ಏನು ಮಾಡಿದ್ದರು?" ದಿವಾನರಾಗಿದ್ದರು ಅಂದೆ. "ದಿವಾನ್ ಅಂದರೆ ನಮ್ಮ ಹಾಲಲ್ಲಿ ಇರೋದಲ್ವಾ?" ಅಂದಳು. ಅವಳ ತಪ್ಪಿಲ್ಲ. ನಮ್ಮ ಮನೆಯಲ್ಲಿ ದಿವಾನ್ ಅಂದರೆ ಮಧ್ಯಾಹ್ನ ಮಲಗುವ ಮಂಚ.

ಕೊನೆಗೆ ಕುದುರೆ ಮೇಲೆ ಕೂತ ಮಾರ್ಕ್ ಕಬ್ಬನ್. ಇವರ ಹೆಸರೇ ಪಾರ್ಕಿಗೆ ಇಟ್ಟಿರೋದು ಅಂತ ಸ್ವಲ್ಪ ಜಂಬದಿಂದ ಹೇಳಿದೆ. ಅವಳು ಕಬ್ಬನ್ ಸಾಹೇಬರ ಕಡೆ ನೋಡಲೇ ಇಲ್ಲ. "ಕುದುರೆ ಹೆಸರೇನು?" ಅಂದಳು.

ನಾನು ಹುಟ್ಟಿ ಬೆಳೆದಿದ್ದು ಮಲ್ಲೇಶ್ವರದಲ್ಲಿ. ಮದುವೆಗೆ ಮುಂಚೆ ಹೆಂಡತಿಯನ್ನು ಭೇಟಿಯಾಗುತ್ತಿದ್ದುದು ಇದೇ ಪಾರ್ಕಿನ ಬಿದಿರು ಮೆಳೆ ಹತ್ತಿರ. ಆದರೂ ಈ ಮೂವರ ಬಗ್ಗೆ ಮಗುವಿಗೆ ಮೂರು ಮಾತು ಹೇಳಲು ಬರಲಿಲ್ಲ. ಹೆಸರು, ಇಸವಿ ಓದಿ ಹೇಳಬಹುದು. ಇವರು ಇಲ್ಲಿ ಯಾಕೆ ನಿಂತಿದ್ದಾರೆ ಅಂತ ಹೇಗೆ ಹೇಳೋದು? ಗೊತ್ತಿದ್ದವರು ಬರೆಯಿರಿ. ಮುಂದಿನ ವಾರ ಮತ್ತೆ ಹೋಗಬೇಕು, ಅವಳು ಬಿಡುವ ಪೈಕಿ ಅಲ್ಲ.

ಕಡಲೆಕಾಯಿ · ಭಾನುವಾರ ರಾತ್ರಿ

ಕಬ್ಬನ್ ಅಂದರೆ ಯಾರು ಅಂತ ನಿಮ್ಮ ಮಗಳಾದರೂ ಕೇಳಿದಳು. ನಮ್ಮ ಅತ್ತೆ ಮಂಡ್ಯದಿಂದ ಮೊದಲ ಸಲ ಬಂದಾಗ ಇಡೀ ಪಾರ್ಕ್ ಸುತ್ತಿ ಕೊನೆಗೆ ಬೆಂಚಿನ ಮೇಲೆ ಕೂತು, "ಕಬ್ಬಿನ ಪಾರ್ಕು ಅಂತ ಕರ್ಕೊಂಡು ಬಂದ್ರಿ, ಒಂದು ಜಲ್ಲೆನೂ ಕಾಣ್ಲಿಲ್ಲವಲ್ಲ" ಅಂದಿದ್ದರು.

ವಾಕಿಂಗ್_ಮಾವ · ಸೋಮವಾರ ಬೆಳಿಗ್ಗೆ

ರಿಟೈರ್ ಆದಾಗಿನಿಂದ ದಿನಾ ಅಲ್ಲೇ ಎರಡು ಸುತ್ತು ಹಾಕುವವನು ನಾನು. ಹೆಸರಿನ ಕತೆಯಿಂದ ಶುರು ಮಾಡುತ್ತೇನೆ.

ಪಾರ್ಕ್ ಮಾಡಿದ್ದು 1870ರಲ್ಲಿ. ಆಗ ಮೈಸೂರಿನ ಮುಖ್ಯ ಎಂಜಿನಿಯರ್ ಆಗಿದ್ದ ರಿಚರ್ಡ್ ಸ್ಯಾಂಕಿ ಯೋಜನೆ ಹಾಕಿದ್ದು. ನಿಮ್ಮ ಮಲ್ಲೇಶ್ವರದ ಪಕ್ಕದ ಸ್ಯಾಂಕಿ ಕೆರೆ ಇದೆಯಲ್ಲ, ಅದೇ ಸ್ಯಾಂಕಿ. ಎದುರಿನ ಅಠಾರಾ ಕಚೇರಿ, ಅಂದರೆ ಈಗಿನ ಹೈಕೋರ್ಟ್ ಕಟ್ಟಡ, ಅದೂ ಅವರದೇ ನಕ್ಷೆ. ಶುರುವಿನಲ್ಲಿ ಪಾರ್ಕ್ ಇದ್ದದ್ದು 100 ಎಕರೆ, ಆಮೇಲೆ ಬೆಳೆದು ಬೆಳೆದು ಸುಮಾರು 300 ಎಕರೆ ಆಯಿತು.

ಮೊದಲು ಇದಕ್ಕೆ ಮೀಡ್ಸ್ ಪಾರ್ಕ್ ಅಂತ ಹೆಸರು. ಆಗ ಹಂಗಾಮಿ ಕಮಿಷನರ್ ಆಗಿದ್ದ ಜಾನ್ ಮೀಡ್ ಹೆಸರು ಅದು. ಆಮೇಲೆ ಕಬ್ಬನ್ ಪಾರ್ಕ್ ಆಯಿತು. 1927ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಗೆ 25 ವರ್ಷ ತುಂಬಿದಾಗ, ಅವರ ತಂದೆ ಚಾಮರಾಜೇಂದ್ರ ಒಡೆಯರ ಹೆಸರಿಟ್ಟರು. ಅಂದರೆ ಸರ್ಕಾರಿ ಕಾಗದದಲ್ಲಿ ಇದು ಸುಮಾರು ನೂರು ವರ್ಷದಿಂದ ಶ್ರೀ ಚಾಮರಾಜೇಂದ್ರ ಉದ್ಯಾನ. ಆಟೋದವರಿಗೆ ಹಾಗೆ ಹೇಳಿ ನೋಡಿ, ಚಾಮರಾಜಪೇಟೆಗೆ ಕರೆದುಕೊಂಡು ಹೋಗಿ ಬಿಡುತ್ತಾರೆ.

ಕಬ್ಬನ್ ಸಾಹೇಬರ ವಿಷಯ. 1831ರಲ್ಲಿ ಬ್ರಿಟಿಷರು ಮುಮ್ಮಡಿ ಕೃಷ್ಣರಾಜ ಒಡೆಯರಿಂದ ಆಡಳಿತ ಕಿತ್ತುಕೊಂಡು ಕಮಿಷನರ್‌ಗಳ ಕೈಗೆ ಕೊಟ್ಟರು. ರಾಜಧಾನಿ ಮೈಸೂರಿನಿಂದ ಬೆಂಗಳೂರಿಗೆ ಬಂದಿದ್ದು ಹಾಗೆ. ಕಬ್ಬನ್ 1834ರಿಂದ 1861ರವರೆಗೆ, 27 ವರ್ಷ, ಕಮಿಷನರ್ ಆಗಿದ್ದರು. ರಸ್ತೆ, ಸೇತುವೆ, ಘಾಟಿ ದಾರಿ ಜಾಸ್ತಿ ಆಗಿದ್ದು ಅವರ ಕಾಲದಲ್ಲಿ. ಮದುವೆ ಆಗಲಿಲ್ಲ. ಕುದುರೆ ಅಂದರೆ ಪ್ರಾಣ. ಬೇಸಿಗೆಗೆ ನಂದಿ ಬೆಟ್ಟದ ಮೇಲೆ ಬಂಗಲೆ. 1861ರಲ್ಲಿ ಕೆಲಸ ಬಿಟ್ಟು ಊರಿಗೆ ಹೊರಟವರು ಊರು ಮುಟ್ಟಲಿಲ್ಲ, ದಾರಿಯಲ್ಲಿ ಸೂಯೆಜ್‌ನಲ್ಲಿ ತೀರಿಕೊಂಡರು. ಲೆಕ್ಕ ಹಾಕಿ: ಪಾರ್ಕ್ ಆಗಿದ್ದು ಅವರು ಸತ್ತ ಒಂಬತ್ತು ವರ್ಷಕ್ಕೆ. ತಮ್ಮ ಹೆಸರಿನ ಪಾರ್ಕನ್ನು ಅವರು ನೋಡೇ ಇಲ್ಲ.

ಪ್ರತಿಮೆ ಮಾತ್ರ ಪಾರ್ಕಿಗಿಂತ ಹಳೆಯದು, 1866ರದ್ದು. ಮಾಡಿದ್ದು ಮರೊಕೆಟ್ಟಿ ಅನ್ನುವ ಶಿಲ್ಪಿ. ಮೊದಲು ಪೆರೇಡ್ ಮೈದಾನದಲ್ಲಿತ್ತು. ಆಮೇಲೆ ಅಠಾರಾ ಕಚೇರಿ ಮುಂದೆ ಬಂತು. 2020ರಲ್ಲಿ ಅಲ್ಲಿಂದ ಪಾರ್ಕ್ ಒಳಗೆ ಬಂತು. ಬಾಡಿಗೆ ಮನೆಯವರ ಹಾಗೆ ಮೂರು ಜಾಗ.

ಕುದುರೆ ಹೆಸರು ಕೇಳಿದ್ದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ ಸಾರ್. ಹತ್ತು ವರ್ಷದಿಂದ ನೋಡುತ್ತಿದ್ದೇನೆ, ಈ ಪ್ರಶ್ನೆ ನನಗೆ ಹೊಳೆದಿರಲಿಲ್ಲ.

ನೇರನುಡಿ · ಸೋಮವಾರ ಬೆಳಿಗ್ಗೆ

ಇದನ್ನೆಲ್ಲ ಓದಿದರೆ ಕಬ್ಬನ್ ಏನೋ ನಮ್ಮೂರಿನ ಪುಣ್ಯಾತ್ಮ ಅನ್ನಿಸುತ್ತದೆ. 1831ರಲ್ಲಿ ಆಡಳಿತ ಯಾಕೆ ಕಿತ್ತುಕೊಂಡರು ಅಂತ ಒಂದು ಸಾಲು ಬರೆಯಬೇಕಿತ್ತು ಮಾವ. ನಗರ ಅಂದರೆ ಬೆಂಗಳೂರಲ್ಲ, ಶಿವಮೊಗ್ಗ ಕಡೆಯ ನಗರ; ಅಲ್ಲಿನ ರೈತರು ಕಂದಾಯದ ಕಾಟ ತಾಳಲಾರದೆ ದಂಗೆ ಎದ್ದರು. ಆ ನೆಪ ಹಿಡಿದು ಬ್ರಿಟಿಷರು ರಾಜ್ಯ ಹಿಡಿದರು. ಆ ರೈತರಿಗೆ ಈ ಪಾರ್ಕಿನಲ್ಲಿ ಒಂದು ಕಲ್ಲು ಇದೆಯಾ? ಇಲ್ಲ. ಅವರ ದಂಗೆಯ ಕಾರಣಕ್ಕೆ ಅಧಿಕಾರಕ್ಕೆ ಬಂದವರಿಗೆ ಕುದುರೆ.

ವಿಕ್ಟೋರಿಯಾ ವಿಷಯಕ್ಕೆ ನಾನು ಹೇಳೋದು ಇಷ್ಟೇ. ಎಷ್ಟೋ ಊರಲ್ಲಿ ಈ ಪ್ರತಿಮೆಗಳನ್ನು ಎತ್ತಿ ಮ್ಯೂಸಿಯಂ ಒಳಗೆ ಇಟ್ಟರು. ನಮ್ಮಲ್ಲಿ ಇನ್ನೂ ಮುಖ್ಯರಸ್ತೆಗೆ ಕಾಣುವ ಹಾಗೆ ನಿಂತಿದ್ದಾರೆ. ರಸ್ತೆ ಆಚೆ ಪಾರ್ಕಲ್ಲಿ ಗಾಂಧಿ, ಈಚೆ ಪಾರ್ಕಲ್ಲಿ ರಾಣಿ.

ಕಡಲೆಕಾಯಿ · ಸೋಮವಾರ ಮಧ್ಯಾಹ್ನ

ಮಧ್ಯದಲ್ಲಿ ಸಿಗ್ನಲ್. ಇಬ್ಬರಿಗೂ ರಸ್ತೆ ದಾಟಿ ಮಾತಾಡಿಸಲು ಆಗಿಲ್ಲ.

ಹಳೇ_ಪೇಟೆ · ಸೋಮವಾರ ರಾತ್ರಿ

ನೇರನುಡಿ ಅವರೇ, ರಾಣಿ ಅಲ್ಲೇ ಯಾಕೆ ನಿಂತಿದ್ದಾರೆ ಅಂತ ಗೊತ್ತಾದರೆ ನೀವು ಅವರನ್ನು ಅಲ್ಲೇ ಬಿಡಿ ಅಂತೀರೇನೋ. ನಮ್ಮ ತಾತ ಆ ಕಡೆಯನ್ನು ದಂಡು ಅಂತಲೇ ಕರೆಯುತ್ತಿದ್ದರು. 1809ರಲ್ಲಿ ಬ್ರಿಟಿಷರು ಸೈನ್ಯ ತಂದು ನೆಲೆ ಮಾಡಿದ ಜಾಗ. ಈ ಕಡೆ ಕೆಂಪೇಗೌಡರ ಪೇಟೆ, ಚಿಕ್ಕಪೇಟೆ, ಬಳೆಪೇಟೆ, ಅರಳೆಪೇಟೆ. ಎರಡು ಊರು, ಎರಡು ಆಡಳಿತ. ಮಧ್ಯ ಈ ಪಾರ್ಕ್. ಬೇಲಿ ಹಾಕುವ ಬದಲು ಮರ ನೆಟ್ಟ ಹಾಗೆ. ಎರಡೂ ಊರು ಸೇರಿ ಒಂದೇ ಕಾರ್ಪೊರೇಷನ್ ಆಗಿದ್ದು 1949ರಲ್ಲಿ. ರಾಣಿ ನಿಂತಿರೋದು ದಂಡಿನ ಬಾಗಿಲಲ್ಲಿ. ಆ ಗಡಿ ಎಲ್ಲಿತ್ತು ಅಂತ ತೋರಿಸಲು ಇವತ್ತು ಅದಕ್ಕಿಂತ ಒಳ್ಳೆ ಗುರುತು ಇಲ್ಲ.

ಇನ್ನೊಂದು. 1906ರ ಫೆಬ್ರವರಿ 5ರಂದು ಅದನ್ನು ಅನಾವರಣ ಮಾಡಿದವನು ಅವಳ ಮೊಮ್ಮಗ, ಆಮೇಲೆ ಐದನೇ ಜಾರ್ಜ್ ಆದವನು. ಜನರ ವಂತಿಗೆ ಸಾಲದೆ ಹೋಗಿ ದೊಡ್ಡ ಪಾಲು ಕೊಟ್ಟಿದ್ದು ಮೈಸೂರು ಮಹಾರಾಜರು. ಆ ದುಡ್ಡು ನಮ್ಮದೇ ಕಂದಾಯ ಅಲ್ವಾ? ಬೇಕಾದರೆ ನಮ್ಮ ಸ್ವತ್ತು ಅಂದುಕೊಳ್ಳಿ.

ಮಗುವಿಗೆ ಹೇಳಲು ಒಂದು ವಿಷಯ: ಆ ಅಜ್ಜಿ ಇಂಡಿಯಾಕ್ಕೆ ಒಂದು ಸಲವೂ ಬಂದಿಲ್ಲ.

ನಂಜನಗೂಡು_ರಸಬಾಳೆ · ಸೋಮವಾರ ರಾತ್ರಿ

ಇಷ್ಟು ಜನ ಬರೆದಿರಿ, ಚಾಮರಾಜೇಂದ್ರ ಒಡೆಯರ ಬಗ್ಗೆ ಒಬ್ಬರಾದರೂ ಎರಡು ಮಾತು ಬರೆದಿರಾ? ಪಾರ್ಕ್ ಅವರ ಹೆಸರಲ್ಲಿದೆ. ಪ್ರತಿಮೆಯೂ ಒಳಗೇ ಇದೆ. ಆದರೂ ಮಗು ಅಲ್ಲಿ ನಿಲ್ಲಲಿಲ್ಲ ಅಂದರೆ ಅಪ್ಪ ಆ ದಾರಿಯಲ್ಲಿ ಕರೆದುಕೊಂಡೇ ಹೋಗಿಲ್ಲ ಅಂತ ಅರ್ಥ.

ಪಾರ್ಕ್ ಮಾಡಿದಾಗ ಅವರಿಗೆ ಏಳು ವರ್ಷ. ರಾಜ್ಯ ಬ್ರಿಟಿಷರ ಕೈಲಿ. 1881ರಲ್ಲಿ, ಬರೋಬ್ಬರಿ 50 ವರ್ಷದ ಮೇಲೆ, ರಾಜ್ಯ ವಾಪಸ್ ಬಂದಿದ್ದು ಇವರ ಕೈಗೆ. ಅದೇ ವರ್ಷ ಮೈಸೂರಿನಲ್ಲಿ ಪ್ರಜಾ ಪ್ರತಿನಿಧಿ ಸಭೆ ಶುರು ಮಾಡಿದರು, ರಂಗಾಚಾರ್ಲು ದಿವಾನರಾಗಿದ್ದಾಗ. ರೈತರನ್ನೂ ವ್ಯಾಪಾರಿಗಳನ್ನೂ ಕರೆದು ನಿಮ್ಮ ಕಷ್ಟ ಏನು ಅಂತ ಕೇಳುವ ಸಭೆ. ವಿವೇಕಾನಂದರು ಮೈಸೂರಿಗೆ ಬಂದಾಗ ಉಪಚರಿಸಿ ಕಳಿಸಿದವರೂ ಇವರೇ. 1894ರಲ್ಲಿ ಕಲ್ಕತ್ತಾಕ್ಕೆ ಹೋದವರು ಅಲ್ಲೇ ತೀರಿಕೊಂಡರು, 31 ವರ್ಷಕ್ಕೆ. ಆಗ ನಾಲ್ವಡಿಯವರು ಹತ್ತು ವರ್ಷದ ಹುಡುಗ. ಆ ಹುಡುಗ ದೊಡ್ಡವನಾಗಿ, 25 ವರ್ಷ ರಾಜ್ಯ ಆಳಿ, ತನ್ನ ಸಂಭ್ರಮದ ವರ್ಷದಲ್ಲಿ ಊರಿನ ಒಳ್ಳೆಯ ಪಾರ್ಕಿಗೆ ಅಪ್ಪನ ಹೆಸರು ಬಂತು. ನಿಮ್ಮ ಮಗಳಿಗೆ ಇದನ್ನು ಹೇಳಿ. ಕಬ್ಬನ್ ಅಂತ ಕರೆಯೋರು ಕರೆಯಲಿ.

ಸಂಪಿಗೆ_ರಸ್ತೆ · ಮಂಗಳವಾರ ಬೆಳಿಗ್ಗೆ

ರಸಬಾಳೆ ಅವರೇ, ತಪ್ಪಾಯಿತು. ನೀವು ಹೇಳಿದ್ದು ನಿಜ, ನಾವು ಆ ಕಡೆ ಹೋಗಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ಮಗಳಿಗೆ ಹತ್ತು ವರ್ಷದ ಹುಡುಗನ ಕತೆ ಹೇಳಿದೆ. ತಟ್ಟೆಯಲ್ಲಿ ಅನ್ನ ಆರಿತು. "ಅಪ್ಪ ಸತ್ತ ತಕ್ಷಣ ರಾಜ ಆಗಬೇಕಾ? ಸ್ಕೂಲಿಗೆ ಹೋಗಲ್ವಾ?" ಅಂದಳು.

ಲೈಬ್ರರಿ_ಕಿಟಕಿ · ಮಂಗಳವಾರ ಮಧ್ಯಾಹ್ನ

ದಿವಾನ್ ಮಂಚದ ಮಾತು ಓದಿ ಆಫೀಸಲ್ಲಿ ಜೋರಾಗಿ ನಕ್ಕೆ. ಆಮೇಲೆ ನಾಚಿಕೆಯೂ ಆಯಿತು.

ತೊಂಬತ್ತರ ದಶಕದಲ್ಲಿ ಪರೀಕ್ಷೆಗೆ ಓದಲು ಎರಡು ವರ್ಷ ಆ ಕೆಂಪು ಕಟ್ಟಡಕ್ಕೆ ಹೋಗಿದ್ದೇನೆ. ಬೆಳಿಗ್ಗೆ ಬಾಗಿಲು ತೆಗೆಯುವ ಮುಂಚೆ ಹೋಗಿ ನಿಂತರೆ ಮಾತ್ರ ಕಿಟಕಿ ಪಕ್ಕದ ಜಾಗ. ಮನೆಯಿಂದ ಡಬ್ಬಿಯಲ್ಲಿ ಚಿತ್ರಾನ್ನ. ಮಧ್ಯಾಹ್ನ ಗುಲಾಬಿ ತೋಟದ ಹತ್ತಿರ ಕೂತು ತಿಂದು, ಪ್ರತಿಮೆಯ ನೆರಳಿನಲ್ಲಿ ಹತ್ತು ನಿಮಿಷ ಕಣ್ಣು ಮುಚ್ಚಿ, ಮತ್ತೆ ಒಳಗೆ. ಎರಡು ವರ್ಷ ಆ ಮನುಷ್ಯನ ನೆರಳು ಉಪಯೋಗಿಸಿಕೊಂಡೆ. ಆತ ಯಾರು ಅಂತ ಪುಸ್ತಕ ತೆಗೆದು ನೋಡಿದ್ದು ಪರೀಕ್ಷೆಯಲ್ಲಿ ಪ್ರಶ್ನೆ ಬರಬಹುದು ಅಂತ.

ಕೆ. ಶೇಷಾದ್ರಿ ಅಯ್ಯರ್ 1883ರಿಂದ 1901ರವರೆಗೆ ಮೈಸೂರಿನ ದಿವಾನರು. ಹುಟ್ಟಿದ್ದು ಪಾಲಕ್ಕಾಡ್ ಕಡೆ. ಈಗಿನ ಮುಖ್ಯಮಂತ್ರಿ ಕೆಲಸ ಅಂದುಕೊಳ್ಳಿ, ಆದರೆ 18 ವರ್ಷ. ಹೆಸರಘಟ್ಟದಿಂದ ಬೆಂಗಳೂರಿಗೆ ಕೊಳವೆಯಲ್ಲಿ ನೀರು ಬಂದಿದ್ದು ಇವರ ಕಾಲದಲ್ಲಿ. 1898ರಲ್ಲಿ ಪ್ಲೇಗ್ ಬಂದು ಪೇಟೆಯ ಜನ ಸಾಯತೊಡಗಿದಾಗ, ಇಕ್ಕಟ್ಟು ಬಿಟ್ಟು ಗಾಳಿ ಬೆಳಕು ಇರುವ ಬಡಾವಣೆ ಬೇಕು ಅಂತ ಬಸವನಗುಡಿ, ಮಲ್ಲೇಶ್ವರ ಶುರುವಾದವು. ಸಂಪಿಗೆ ರಸ್ತೆಯವರೇ, ನಿಮ್ಮ ಮನೆ ಇರುವ ಬಡಾವಣೆ ಹುಟ್ಟಿದ್ದು ಹಾಗೆ. ಮಗಳಿಗೆ ಅಷ್ಟು ಹೇಳಿದರೆ ಸಾಕು: ಈ ತಾತ ಇಲ್ಲದಿದ್ದರೆ ನಮ್ಮ ಏರಿಯಾ ಇರುತ್ತಿತ್ತೋ ಇಲ್ಲವೋ.

ಶಿವನಸಮುದ್ರದ ವಿದ್ಯುತ್ತೂ ಇವರದೇ ಹಟ. 1902ರಲ್ಲಿ ಕರೆಂಟು ಮೊದಲು ಹೋಗಿದ್ದು ಕೋಲಾರದ ಚಿನ್ನದ ಗಣಿಗೆ. 1905ರಲ್ಲಿ ಬೆಂಗಳೂರಿನ ಬೀದಿ ದೀಪ ಹತ್ತಿತು. ಇವರು ತೀರಿಕೊಂಡಿದ್ದು 1901ರಲ್ಲಿ. ಒಂದು ಬಲ್ಬೂ ನೋಡಲಿಲ್ಲ. ಪ್ರತಿಮೆ 1913ರದ್ದು, ವೈಸರಾಯ್ ಹಾರ್ಡಿಂಜ್ ಅನಾವರಣ ಮಾಡಿದ್ದು. ಹಿಂದಿನ ಕೆಂಪು ಕಟ್ಟಡ ಕಟ್ಟಿದ್ದೇ ಇವರ ನೆನಪಿಗೆ, 1915ರಿಂದ ಅದು ಸಾರ್ವಜನಿಕ ಲೈಬ್ರರಿ. ನನ್ನ ಲೆಕ್ಕದಲ್ಲಿ ಪಾರ್ಕಿನ ಒಳ್ಳೆಯ ಸ್ಮಾರಕ ಆ ಪ್ರತಿಮೆಯಲ್ಲ, ಒಳಗಿನ ಮೇಜು ಕುರ್ಚಿ. ಬಡವರ ಮಕ್ಕಳು ಕೂತು ಓದಿ ಕೆಲಸ ಹಿಡಿದ ಜಾಗ ಅದು. ನಾನೂ ಒಬ್ಬಳು.

ಕಡಲೆಕಾಯಿ · ಮಂಗಳವಾರ ಮಧ್ಯಾಹ್ನ

ಒಂದು ನಿಮಿಷ. ರಾಣಿ ಊರಿಗೇ ಬಂದಿಲ್ಲ. ಕಬ್ಬನ್ ಸಾಹೇಬರು ಪಾರ್ಕ್ ನೋಡಿಲ್ಲ. ದಿವಾನರು ಬಲ್ಬ್ ನೋಡಿಲ್ಲ. ಇಲ್ಲಿ ನಿಂತವರಿಗಿಂತ ನಾನೇ ವಾಸಿ, ಎಲ್ಲ ನೋಡಿದ್ದೇನೆ. ನನ್ನ ಪ್ರತಿಮೆ ಯಾವಾಗ?

ಧಾರವಾಡ_ಪೇಡೆ · ಮಂಗಳವಾರ ಸಂಜೆ

ನಿಮ್ಮ ಬೆಂಗಳೂರಿನ ಪಾರ್ಕಿನೊಳಗ ಎಲ್ಲಾರೂ ರಾಜರು, ದಿವಾನರು, ಸಾಹೇಬರು ಅದಾರ. ಒಬ್ಬ ಕವಿ ಇಲ್ಲೇನ್ರಿ? ನಮ್ಮ ಸಾಧನಕೇರಿಗೆ ಬರ್ರಿ. ಬೇಂದ್ರೆ ಅಜ್ಜಾರ ಮನಿ ಎದುರಿಗೇ ಕೆರಿ, ಕೆರಿ ದಂಡಿಗೆ ಉದ್ಯಾನ. ಅಲ್ಲಿ ಅವರು ಯಾರು ಅಂತ ಮಕ್ಕಳು ಕೇಳಂಗಿಲ್ಲ, ಹಾಡೇ ಹೇಳ್ತಾವ.

ಲೈಬ್ರರಿ_ಕಿಟಕಿ · ಮಂಗಳವಾರ ಸಂಜೆ

ಕವಿ ಇಲ್ಲ ಪೇಡೆ ಅವರೇ, ಆದರೆ ಕಲಾವಿದರು ಇದ್ದಾರೆ. ಕಸ್ತೂರಬಾ ರಸ್ತೆಯ ಬದಿಗೆ ವೆಂಕಟಪ್ಪ ಆರ್ಟ್ ಗ್ಯಾಲರಿ. ಕೆ. ವೆಂಕಟಪ್ಪ ಮೈಸೂರಿನವರು. ಕಲ್ಕತ್ತಾದಲ್ಲಿ ಅವನೀಂದ್ರನಾಥ ಠಾಕೂರರ ಹತ್ತಿರ ಕಲಿತವರು. ಊಟಿ, ಕೊಡೈಕನಾಲಿನ ಮಂಜು ಬಿಡಿಸಿದ ಅವರ ಚಿಕ್ಕ ಚಿಕ್ಕ ಜಲವರ್ಣ ಚಿತ್ರಗಳನ್ನು ಹತ್ತಿರ ಹೋಗಿ ನೋಡಬೇಕು. ಮಂಜು ಎಲ್ಲಿ ಮುಗಿಯಿತು, ಕಾಗದ ಎಲ್ಲಿ ಶುರುವಾಯಿತು ಗೊತ್ತಾಗುವುದಿಲ್ಲ. ವೀಣೆ ನುಡಿಸುತ್ತಿದ್ದರು. ಒಂಟಿ ಮನುಷ್ಯ, 1965ರಲ್ಲಿ ಹೋದರು. ಅವರ ನೆನಪಿಗೆ ಪ್ರತಿಮೆ ನಿಲ್ಲಿಸುವ ಬದಲು ಗೋಡೆ ಕೊಟ್ಟರು, ಬೇರೆಯವರೂ ಚಿತ್ರ ತೂಗುಹಾಕಲಿ ಅಂತ. ಅದು ಸರಿ ಅನ್ನಿಸಿತು ನನಗೆ.

ಹಳೇ_ಪೇಟೆ · ಮಂಗಳವಾರ ರಾತ್ರಿ

ನಿನ್ನೆ ಇನ್ನೊಂದು ಬರೆಯಬೇಕು ಅಂದುಕೊಂಡು ಬಿಟ್ಟಿದ್ದೆ. ನಾವು ತಿಗಳರು. ತಲೆತಲಾಂತರದಿಂದ ತೋಟದ ಕೆಲಸ. ಪಾರ್ಕಿನ ಪಕ್ಕ ಕಂಠೀರವ ಸ್ಟೇಡಿಯಂ ಇದೆಯಲ್ಲ, ಅದು ಸಂಪಂಗಿ ಕೆರೆ. ನಮ್ಮ ತಾತನ ಅಪ್ಪ ಆ ಕೆರೆ ನೀರಿನಲ್ಲಿ ಸೊಪ್ಪು ಬೆಳೆದವರು. ಪಾರ್ಕಿನಲ್ಲಿ ಮಳೆ ಬಿದ್ದರೆ ನೀರು ಇಳಿದು ಹೋಗುತ್ತಿದ್ದುದು ಆ ಕಡೆಗೆ. ಈಗ ಕೆರೆಯ ಗುರುತಿಗೆ ಒಂದು ಸಣ್ಣ ಹೊಂಡ ಉಳಿದಿದೆ, ಅಷ್ಟೇ. ಆದರೆ ಚೈತ್ರದಲ್ಲಿ ಕರಗದ ಸಮಯಕ್ಕೆ ಹಸಿ ಕರಗ ಬರುವುದು ಇವತ್ತಿಗೂ ಆ ಸಂಪಂಗಿ ಕೆರೆ ಅಂಗಳದಿಂದಲೇ. ಕೆರೆ ಇಲ್ಲ, ಆದರೂ ಕರಗ ಕೆರೆಗೆ ಬರುತ್ತದೆ. ಪ್ರತಿಮೆ ಇಲ್ಲದೆ ನೆನಪು ಇಟ್ಟುಕೊಳ್ಳುವುದು ಹೇಗೆ ಅಂತ ಯಾರಾದರೂ ಕೇಳಿದರೆ ನಾನು ಅದನ್ನು ತೋರಿಸುತ್ತೇನೆ.

ಪಾರ್ಕಿನ ಪಾತಿ ತೋಡಿದವರು, ನೀರು ಹೊತ್ತವರು, ಸಸಿ ನೆಟ್ಟವರು, ಇವರ ಹೆಸರು ಯಾವ ಕಲ್ಲಿನ ಮೇಲೂ ಇಲ್ಲ. ಸ್ಯಾಂಕಿಗೇ ಅಲ್ಲಿ ಪ್ರತಿಮೆ ಇಲ್ಲ, ಇನ್ನು ನಮ್ಮ ಮುತ್ತಾತನಿಗೆ ಎಲ್ಲಿಂದ ಬಂತು.

ನೇರನುಡಿ · ಮಂಗಳವಾರ ರಾತ್ರಿ

ಅದಕ್ಕೇ ನಾನು ಹೇಳೋದು, ಅವರಿಗೂ ಒಂದು ಪ್ರತಿಮೆ ಆಗಬೇಕು. ಕೆಂಪೇಗೌಡರದ್ದೂ ಆಗಬೇಕು. ನಗರದ ರೈತರದ್ದೂ.

ವಾಕಿಂಗ್_ಮಾವ · ಬುಧವಾರ ಬೆಳಿಗ್ಗೆ

ಬೇಡ ಮಾರಾಯ. ಕೈ ಮುಗಿಯುತ್ತೇನೆ.

ಒಂದು ಪ್ರತಿಮೆ ಅಂದರೆ ಬರೀ ಪ್ರತಿಮೆ ಅಲ್ಲ. ಸುತ್ತ ಸಿಮೆಂಟು, ಸಿಮೆಂಟಿನ ಸುತ್ತ ಕಬ್ಬಿಣದ ಬೇಲಿ, ಬೇಲಿಗೆ ಬೀಗ, ವರ್ಷಕ್ಕೊಂದು ಸಲ ಹಾರ ಹಾಕಲು ಏಣಿ, ಶಾಮಿಯಾನ, ಮೈಕು. ಮಾರನೇ ದಿನ ಹುಲ್ಲಿನ ಮೇಲೆ ಪ್ಲಾಸ್ಟಿಕ್ ಲೋಟ. ಈ ಪಾರ್ಕಿಗೆ ಮೊದಲೇ ಕಟ್ಟಡ ಜಾಸ್ತಿ. ಅದಕ್ಕೇ 1975ರಲ್ಲಿ ಸರ್ಕಾರಿ ಪಾರ್ಕುಗಳನ್ನು ಉಳಿಸುವ ಕಾನೂನು ಬಂತು. ಆದರೂ 1998ರಲ್ಲಿ ಸುಮಾರು 30 ಎಕರೆಯನ್ನು ಪಾರ್ಕಿನ ಲೆಕ್ಕದಿಂದ ತೆಗೆಯಲು ಹೊರಟಾಗ ಜನ ಬೀದಿಗೆ ಬಂದರು, ಕೋರ್ಟಿಗೂ ಹೋದರು. ಆಗ ನಾನೂ ಒಂದು ದಿನ ಆಫೀಸಿಗೆ ರಜೆ ಹಾಕಿ ಹೋಗಿ ನಿಂತಿದ್ದೆ. ಬಾಸ್‌ಗೆ ಹೊಟ್ಟೆನೋವು ಅಂತ ಹೇಳಿದ್ದೆ, ಈಗ ಹೇಳಿದರೆ ತೊಂದರೆ ಇಲ್ಲ.

ಎಂಬತ್ತರ ದಶಕದಲ್ಲಿ ಅಠಾರಾ ಕಚೇರಿಯನ್ನೇ ಕೆಡವುವ ಮಾತಿತ್ತು. ಅದರ ಕೇಸು ನಡೆದದ್ದು ಅದೇ ಕಟ್ಟಡದ ಒಳಗೆ. ಆ ಕೆಂಪು ಕಂಬಗಳು ಇವತ್ತು ನಿಂತಿವೆ ಅಂದರೆ ಆಗ ಊರಿನ ಜನ ಕೇಸು ಹಾಕಿದ್ದರಿಂದ. ಹಾಗೆ ನೋಡಿದರೆ ಆ ಜನರಿಗೂ ಪ್ರತಿಮೆ ಇಲ್ಲ. ಬೇಕಾಗೂ ಇಲ್ಲ.

ಕೆಂಪೇಗೌಡರಿಗೆ ಏರ್‌ಪೋರ್ಟಿನಲ್ಲಿ 108 ಅಡಿ ಇದೆ. ಊರಿನ ನಾಲ್ಕು ದಿಕ್ಕಿಗೆ ಗೋಪುರ ಇದೆ, ಒಂದು ಲಾಲ್‌ಬಾಗ್ ಬಂಡೆ ಮೇಲೇ ಇದೆ. ಅವರಿಗೆ ಏನೂ ಕಡಿಮೆ ಆಗಿಲ್ಲ. ನೆನಪಿಗೆ ಏನಾದರೂ ಬೇಕೇ ಬೇಕು ಅಂದರೆ ಒಂದು ಮರ ನೆಡಿ. ಪ್ರತಿಮೆ ಇಟ್ಟರೆ ಕಾಗೆಗೆ ಲಾಭ.

ಶಾಸನಪ್ರಿಯೆ · ಬುಧವಾರ ರಾತ್ರಿ

ಮೂರು ದಿನದಿಂದ ಸುಮ್ನೆ ಓದುತ್ತಿದ್ದೆ. ಒಬ್ಬರಾದರೂ ಹೇಳುತ್ತಾರೇನೋ ಅಂತ ಕಾದೆ. ನೀವೆಲ್ಲ 1866, 1906 ಅಂತಿದ್ದೀರಿ. ಅದೇ ಕಾಂಪೌಂಡಿನಲ್ಲಿ ಒಂದು ಸ್ಮಾರಕ ಇದೆ, ಅದಕ್ಕೆ ಸಾವಿರ ವರ್ಷ ದಾಟಿದೆ. ರಾಣಿಗೂ ಅಲ್ಲ, ದಿವಾನರಿಗೂ ಅಲ್ಲ. ನಾಯಿಗೆ.

ಕಸ್ತೂರಬಾ ರಸ್ತೆಯ ಕೆಂಪು ಮ್ಯೂಸಿಯಂ, 1877ರ ಕಟ್ಟಡ. ಅಲ್ಲಿ ಆತಕೂರು ಶಾಸನದ ಕಲ್ಲು ಇದೆ. ಆತಕೂರು ನಮ್ಮ ಮಂಡ್ಯ ಜಿಲ್ಲೆ, ಮದ್ದೂರು ತಾಲ್ಲೂಕು. ಕಲ್ಲು ಹಾಕಿಸಿದ್ದು ಸುಮಾರು 949–50ರಲ್ಲಿ. ಆಗ ತಕ್ಕೋಲದಲ್ಲಿ ದೊಡ್ಡ ಯುದ್ಧ ನಡೆದಿತ್ತು. ಒಂದು ಕಡೆ ರಾಷ್ಟ್ರಕೂಟರ ಮೂರನೇ ಕೃಷ್ಣ ಮತ್ತು ಗಂಗರ ಇಮ್ಮಡಿ ಬೂತುಗ. ಇನ್ನೊಂದು ಕಡೆ ಚೋಳರ ರಾಜಾದಿತ್ಯ. ರಾಜಾದಿತ್ಯ ಸತ್ತ. ಗಂಗರ ಕಡೆ ಚೆನ್ನಾಗಿ ಕಾದಾಡಿದವನು ಮಣಲೆರ. ರಾಜ ಮೆಚ್ಚಿ, ಏನು ಬೇಕು ಕೇಳು ಅಂದ. ಊರು ಕೇಳಬಹುದಿತ್ತು, ಹೊನ್ನು ಕೇಳಬಹುದಿತ್ತು. ಅವನು ಕಾಳಿ ಅನ್ನುವ ನಾಯಿ ಕೇಳಿದ.

ನಾಯಿ ತಂದ. ಬೇಟೆಯಲ್ಲಿ ದೊಡ್ಡ ಕಾಡುಹಂದಿ ಎದುರಾಯಿತು. ಕಾಳಿಯನ್ನು ಬಿಟ್ಟರು. ಹಂದಿಯೂ ನಾಯಿಯೂ ಕಚ್ಚಾಡಿ ಎರಡೂ ಸತ್ತವು. ಆ ನಾಯಿಗೆ ಆತಕೂರಿನ ಚಲ್ಲೇಶ್ವರ ಗುಡಿ ಮುಂದೆ ಕಲ್ಲು ನಿಲ್ಲಿಸಿದ. ಕಲ್ಲಿನ ಖರ್ಚಿಗೆ ಭೂಮಿಯನ್ನೂ ಬಿಟ್ಟ. ಈ ಕಲ್ಲಿಗೆ ಪೂಜೆ ಮಾಡದೆ ಉಂಡ ಗೊರವನಿಗೆ ಪಾಪ ತಟ್ಟುತ್ತದೆ ಅಂತ ಬರೆಸಿದ. ಪೂಜಾರಿ ಮರೆಯಬಾರದು ಅಂತ.

ಕಾಲೇಜಿನಲ್ಲಿದ್ದಾಗ ಮೊದಲ ಸಲ ನೋಡಿದ್ದು. ಅಕ್ಷರಗಳ ನಡುವೆ ನಾಯಿ, ಹಂದಿ ಕಾಳಗದ ಕೆತ್ತನೆ. ನಾಯಿಗಿಂತ ಹಂದಿ ದಪ್ಪ. ಆದರೂ ನಾಯಿ ಹಿಂದೆ ಸರಿದಿಲ್ಲ. ಸುತ್ತ ಹಳಗನ್ನಡದ ಅಕ್ಷರ, ಗುಂಡು ಗುಂಡಗೆ, ಒತ್ತೊತ್ತಾಗಿ. ಅದರಲ್ಲಿ ಒಂದು ಕಡೆ ಯುದ್ಧ, ಇನ್ನೊಂದು ಕಡೆ ನಾಯಿ. ಎರಡಕ್ಕೂ ಒಂದೇ ಕಲ್ಲು. ನಮ್ಮ ಮೇಷ್ಟ್ರು "ಕಾಳಿ" ಅನ್ನುವ ಎರಡು ಅಕ್ಷರ ಎಲ್ಲಿದೆ ಅಂತ ಬೆರಳು ತೋರಿಸಿದಾಗ ಮೈ ಜುಮ್ಮೆಂದಿತು. ಸಾವಿರ ವರ್ಷ ಆದ ಮೇಲೂ ನಾನು ಆ ನಾಯಿ ಹೆಸರು ಓದಿದೆ.

ಸಂಪಿಗೆ ರಸ್ತೆಯವರೇ, ನಿಮ್ಮ ಮಗಳು ಸರಿಯಾದ ಪ್ರಶ್ನೆ ಕೇಳಿದ್ದಾಳೆ. ಕಬ್ಬನ್ ಕುದುರೆಗೆ ಹೆಸರು ಬರೆಸಲಿಲ್ಲ. ಮಣಲೆರ ಬರೆಸಿದ. ಹೋಗುವ ಮುಂಚೆ ಮ್ಯೂಸಿಯಂ ತೆರೆದಿದೆಯಾ ವಿಚಾರಿಸಿಕೊಳ್ಳಿ.

ಅಂದ ಹಾಗೆ ಅಲ್ಲೇ ಬೇಗೂರಿನ ಒಂದು ದೊಡ್ಡ ವೀರಗಲ್ಲೂ ಇದೆ, ಆನೆ ಕುದುರೆ ಎಲ್ಲ ಇರುವ ಯುದ್ಧದ ಕೆತ್ತನೆ. ಕೆಲವರು ಅದನ್ನೇ "ಬೆಂಗಳೂರು" ಹೆಸರಿರುವ ಶಾಸನ ಅಂದುಕೊಳ್ಳುತ್ತಾರೆ. ಅಲ್ಲ. ಅದು ಬೇರೆ, ಬೇಗೂರಿನ ನಾಗೇಶ್ವರ ಗುಡಿಯಲ್ಲೇ ಇದೆ.

ನಂಜನಗೂಡು_ರಸಬಾಳೆ · ಬುಧವಾರ ರಾತ್ರಿ

ಮೇಡಂ, ಎರಡು ಸಲ ಓದಿದೆ. ನಮ್ಮ ಮನೆ ರಾಜುಗೂ ಓದಿ ಹೇಳಿದೆ. ಅವನು ಬಾಲ ಅಲ್ಲಾಡಿಸಿದ.

ನೇರನುಡಿ · ಗುರುವಾರ ಬೆಳಿಗ್ಗೆ

ಸರಿ. ನಾಯಿ ಇರಲಿ. ರಾಣಿ ಬೇಡ.

ಹಳೇ_ಪೇಟೆ · ಗುರುವಾರ ಬೆಳಿಗ್ಗೆ

ಸಾವಿರ ವರ್ಷದ ಹಿಂದಿನವರಿಗೆ ಇದ್ದ ಬುದ್ಧಿ ನೋಡಿ. ಕಲ್ಲು ನಿಲ್ಲಿಸಿ ಕೈ ತೊಳೆದುಕೊಳ್ಳಲಿಲ್ಲ. ನೋಡಿಕೊಳ್ಳುವವನು ಯಾರು, ಅವನ ಹೊಟ್ಟೆಗೆ ಏನು, ಮರೆತರೆ ಏನಾಗುತ್ತದೆ, ಎಲ್ಲ ಬರೆಸಿಟ್ಟರು. ನಮ್ಮ ಕಾಲದ ಯಾವ ಪ್ರತಿಮೆಗೆ ಇದೆ ಈ ವ್ಯವಸ್ಥೆ?

ಲೈಬ್ರರಿ_ಕಿಟಕಿ · ಗುರುವಾರ ಮಧ್ಯಾಹ್ನ

ಇಲ್ಲಿ ಬಂದಿರುವ ಉತ್ತರಗಳನ್ನೇ ಒಂದೊಂದು ಪುಟ ಮಾಡಿ, ಮಕ್ಕಳಿಗೆ ಓದಲು ಆಗುವ ಕನ್ನಡದಲ್ಲಿ ಬರೆಯೋಣ ಅಂತ ಅನ್ನಿಸುತ್ತಿದೆ. ಪ್ರತಿಮೆ ಮುಂದೆ ಬೋರ್ಡ್ ಹಾಕಲು ನಮಗೆ ಅಧಿಕಾರ ಇಲ್ಲ. ಆದರೆ ಭಾನುವಾರ ಮಕ್ಕಳನ್ನು ಕರೆದುಕೊಂಡು ಹೋದಾಗ ಕೈಯಲ್ಲಿ ಕಾಗದ ಇದ್ದರೆ ಅಪ್ಪಂದಿರು "ಮುಂದೆ ನಡಿ" ಅನ್ನಬೇಕಾಗಿಲ್ಲ. ದಿವಾನರದ್ದು ನಾನು ಬರೆಯುತ್ತೇನೆ. ಮಾವ, ಹೆಸರುಗಳ ಕತೆ ನಿಮ್ಮದು. ನೇರನುಡಿಯವರೇ, ನಗರದ ರೈತರ ಬಗ್ಗೆ ನೀವೇ ಬರೆಯಬೇಕು, ಬೇರೆಯವರು ಬರೆದರೆ ನಿಮಗೆ ಸಮಾಧಾನ ಆಗುವುದಿಲ್ಲ.

ನೇರನುಡಿ · ಗುರುವಾರ ಸಂಜೆ

ಬರೆಯುತ್ತೇನೆ. ಒಂದು ಪುಟ ಸಾಲದು.

ಸಂಪಿಗೆ_ರಸ್ತೆ · ಭಾನುವಾರ ಮಧ್ಯಾಹ್ನ

ಇವತ್ತು ಮತ್ತೆ ಹೋಗಿ ಬಂದೆವು. ಹೇಳಿದ ಮಾತಿನಂತೆ ಮೊದಲು ಚಾಮರಾಜೇಂದ್ರ ಒಡೆಯರ ಹತ್ತಿರ ಹೋದೆವು. ರಸಬಾಳೆ ಅವರ ಹೆಸರಲ್ಲಿ ನಮಸ್ಕಾರ ಹೇಳಿದ್ದಾಯಿತು. ಶೇಷಾದ್ರಿ ಅಯ್ಯರ್ ಮುಂದೆ ಮಗಳು, "ನಮ್ಮ ಏರಿಯಾ ತಾತ" ಅಂದಳು. ರಾಣಿಗೆ "ನೀವು ಬರಲೇ ಇಲ್ಲವಲ್ಲ" ಅಂತ ಗದರಿದಳು.

ಕಾಳಿ ಕತೆ ಗುರುವಾರ ರಾತ್ರಿ ಹೇಳಿದ್ದೆ. ಹಂದಿ ಸತ್ತಿದ್ದಕ್ಕೂ ಅತ್ತಳು, ಅದನ್ನು ನಾನು ಎಣಿಸಿರಲಿಲ್ಲ. ಇವತ್ತು ಕಲ್ಲು ನೋಡಲು ಆಗಲಿಲ್ಲ. ಅವಳಿಗೆ ಹಸಿವು ತಡೆಯಲಿಲ್ಲ, ಮಸಾಲೆ ದೋಸೆ ಗೆದ್ದಿತು. ಫೋನಿನಲ್ಲಿ ಫೋಟೋ ತೋರಿಸಿದೆ. ನಾಯಿ ಎಲ್ಲಿ, ಹಂದಿ ಎಲ್ಲಿ ಅಂತ ಎರಡು ಬೆರಳಲ್ಲಿ ದೊಡ್ಡದು ಮಾಡಿ ನೋಡಿದಳು.

ಕಬ್ಬನ್ ಪ್ರತಿಮೆ ಹತ್ತಿರ ಮಾತ್ರ ಹದಿನೈದು ನಿಮಿಷ. ಸುತ್ತು ಹಾಕಿ ಹಾಕಿ ಕುದುರೆಯ ಕಾಲು, ಬಾಲ, ಜೀನು ಎಲ್ಲ ನೋಡಿದಳು. ಎಲ್ಲಾದರೂ ಹೆಸರು ಬರೆದಿದ್ದಾರಾ ಅಂತ ಹುಡುಕಿದಳು. ಕೊನೆಗೆ, ಯಾರೂ ಇಟ್ಟಿಲ್ಲ ಅಂದರೆ ನಾನೇ ಇಡುತ್ತೇನೆ ಅಂತ ತೀರ್ಮಾನ ಮಾಡಿದಳು. ಬ್ಯಾಗಿನಿಂದ ಡ್ರಾಯಿಂಗ್ ಪುಸ್ತಕ ತೆಗೆದು, ಕುದುರೆ ಬರೆದು, ಕೆಳಗೆ ದೊಡ್ಡ ಅಕ್ಷರದಲ್ಲಿ ಹೆಸರು ಬರೆದಳು. ಕುದುರೆ ಹೆಸರು ಕಬ್ಬು.

ಕಡಲೆಕಾಯಿ · ಭಾನುವಾರ ಮಧ್ಯಾಹ್ನ

ಅತ್ತೆಗೆ ಈಗಲೇ ಫೋನ್ ಮಾಡುತ್ತೇನೆ.